ಮಾವ ಓಡಿಸಿದ ಸೀನು

ಸಿನಿಮಾ ಹೇಗಿತ್ತು ಅಂತ ನನ್ನನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಈಚೆಗೆ ಮನೆಯಲ್ಲಿ ಕುಳಿತು ನೋಡಿದ ಸಿನಿಮಾಗಳಿಂದ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ, ಹೇಳದೆ ಇಳಿಯುವ ಹಾಗೂ ಕಾಣುವುದಿಲ್ಲ.

ಒಂದು ಹೊಡೆದಾಟದ ಸಿನಿಮಾ ನೋಡಿದೆವು. ಅದರಲ್ಲಿ ನಾಯಕ ರೌಡಿಗಳನ್ನು ಅಟ್ಟಿಸಿಕೊಂಡು ಒಂದು ಪಾತ್ರೆ ಅಂಗಡಿಗೆ ನುಗ್ಗುತ್ತಾನೆ. ಕೊಡದಿಂದ ಒಬ್ಬನ ತಲೆಗೆ ಬಾರಿಸುತ್ತಾನೆ, ಕುಕ್ಕರಿನಿಂದ ಇನ್ನೊಬ್ಬನ ಮುಖಕ್ಕೆ. ಅಂಗಡಿಯೆಲ್ಲ ನೆಲಕ್ಕೆ ಬಿದ್ದ ಮೇಲೆ ಕಾಲರ್ ಸರಿಮಾಡಿಕೊಂಡು ಹೊರಟೇಹೋಗುತ್ತಾನೆ. ಶಿಕಾರಿಪುರದಲ್ಲಿ ನಮ್ಮದೂ ಪಾತ್ರೆ ಅಂಗಡಿಯೇ, ಗಲ್ಲೆಯ ಮೇಲೆ ಕೂರುವವಳು ನಾನೇ. ನೆಗ್ಗಿದ ಒಂದು ಕೊಡ ಮಾರಬೇಕಾದರೆ ಎಷ್ಟು ಗಂಟಲು ಒಣಗಿಸಿಕೊಳ್ಳಬೇಕು ಅಂತ ನನಗೆ ಗೊತ್ತು. ಆ ಅಂಗಡಿಯವನು ಆಮೇಲೆ ಏನಾದ? ಅವನ ಮುಖವನ್ನು ಒಂದು ಸಲವಾದರೂ ತೋರಿಸಬಾರದಿತ್ತೇ? ಪಾಪ, ಅವನಿಗೂ ಹೆಂಡತಿ ಮಕ್ಕಳು ಇದ್ದಾರು.

ಇನ್ನೊಂದು, ಬೇರೆ ಭಾಷೆಯಿಂದ ಕನ್ನಡಕ್ಕೆ ಡಬ್ ಆದದ್ದು. ತುಟಿ ಮುಚ್ಚಿದ ಮೇಲೂ ಮಾತು ಬರುತ್ತಲೇ ಇರುತ್ತದೆ. ನಾಯಕಿ ಚಿಕ್ಕದಾಗಿ ಒಂದು ಮಾತು ಆಡಿದರೆ ಕನ್ನಡದ ದನಿಯವಳು ಅದಕ್ಕೆ ಎರಡು ಸಾಲು ಸೇರಿಸುತ್ತಾಳೆ. ಆ ಹುಡುಗಿ ನಿಜವಾಗಿ ಏನಂದಳೋ ಅಂತ ಸಿನಿಮಾ ಪೂರ್ತಿ ನನಗೆ ಅದೇ ತಳಮಳ. ಇನ್ನೊಬ್ಬರ ಬಾಯಿಗೆ ಮಾತು ತುರುಕುವುದು ಕಂಡರೆ ನನಗೆ ಮೈ ಉರಿಯುತ್ತದೆ. ಆಗ ಉರಿದದ್ದು ಸ್ವಲ್ಪವೇ.

ಮೂರನೆಯದು ಖಾನಾವಳಿ ನಡೆಸುವ ಹೆಂಗಸಿನ ಸಿನಿಮಾ. ಆಕೆಯ ಗಂಡ ಸತ್ತಿದ್ದಾನೆ. ಹೆದ್ದಾರಿ ಪಕ್ಕ ರೊಟ್ಟಿ ಬಡಿಯುತ್ತಾಳೆ. ಒಬ್ಬ ಲಾರಿ ಡ್ರೈವರ್ ದಿನಾ ಬಂದು ಊಟ ಮಾಡುತ್ತಾನೆ, ಪಲ್ಯ ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನುತ್ತಾನೆ, ಇಲ್ಲದಿದ್ದರೆ ಸುಮ್ಮನೆ ತಿನ್ನುತ್ತಾನೆ. ಇಬ್ಬರೂ ಎಷ್ಟು ಚೆನ್ನಾಗಿ ಮಾಡಿದ್ದರೆಂದರೆ, ನಾನು ಮಂಡಕ್ಕಿ ತಿನ್ನುವುದನ್ನೂ ಮರೆತು ಕೂತಿದ್ದೆ. ಅಷ್ಟರಲ್ಲಿ ಏನೂ ಕಾರಣವಿಲ್ಲದೆ ಆ ಡ್ರೈವರ್ ಊರು ಬಿಟ್ಟು ಹೋಗಿಬಿಡುತ್ತಾನೆ. ಆಕೆ ರಸ್ತೆ ನೋಡುತ್ತಾ ನಿಲ್ಲುತ್ತಾಳೆ. ಮುಗಿಯಿತು.

"ಅವನ್ಯಾಕೆ ಹೋದ ಮಾವ?" ಅಂತ ಕೇಳಿದೆ.

"ಸಿನಿಮಾ ಅಲ್ಲೇನವ್ವ, ಹಂಗ ಹೋಗ್ತಾರ" ಅಂದರು ಮಾವ, ರಿಮೋಟನ್ನು ತೊಡೆಯ ಕೆಳಗೆ ಸೇರಿಸಿಕೊಳ್ಳುತ್ತಾ.

ಮರುದಿನ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಆ ನಿರ್ದೇಶಕನನ್ನು ಬೈದದ್ದೇ ಬೈದದ್ದು. ತಲೆಬುಡ ಇಲ್ಲದ ಕತೆ, ನೋಡಬೇಡಿ ಅಂದೆ. ಪಾಪದವನು, ಅವನ ತಪ್ಪು ಏನೂ ಇರಲಿಲ್ಲ.

ಮಾವನ ಬಗ್ಗೆ ಹೇಳಬೇಕು. ನನ್ನ ಗಂಡ ತೀರಿಕೊಂಡು ನಾಲ್ಕು ವರ್ಷ. ಮಕ್ಕಳಿಲ್ಲ. ಅತ್ತೆ ಮಾವನ ಜೊತೆಯಲ್ಲೇ ಇದ್ದೇನೆ. ಮಣ್ಣು ಮಾಡಿ ಬಂದ ದಿನ ನೆಂಟರ ಹೆಂಗಸರು ನನ್ನ ಬಳೆಗೆ ಕೈ ಹಾಕಿದಾಗ, "ಮುಟ್ಟಿದ್ರ ನೋಡ್ರಿ" ಅಂತ ಗದರಿದವರು ಇದೇ ಮಾವ. ಮೂಲೆಯಲ್ಲಿ ಕೂತು ಅಳುತ್ತಿದ್ದವಳನ್ನು ಕರೆದೊಯ್ದು ಗಲ್ಲೆಯ ಮೇಲೆ ಕೂರಿಸಿದವರೂ ಇವರೇ. ಕೆಟ್ಟವರಾಗಿದ್ದರೆ ಬಾಯಿಗೆ ಬಂದಂತೆ ಬೈದು ಹಗುರಾಗುತ್ತಿದ್ದೆ. ಒಳ್ಳೆಯವರ ಮೇಲೆ ಬಂದ ಸಿಟ್ಟನ್ನು ಎಲ್ಲಿ ಹಾಕುವುದು ಹೇಳಿ.

ಅಂಗಡಿ ಬಾಗಿಲು ಹಾಕಿ ಬಂದ ಮೇಲೆ ನಾವು ಮೂವರೂ ಟೀವಿ ಮುಂದೆ ಕೂರುತ್ತೇವೆ. ಅತ್ತೆ ಮಂಡಕ್ಕಿ ಒಗ್ಗರಣೆ ಮಾಡಿರುತ್ತಾರೆ. ಮೊಬೈಲಿನಲ್ಲಿ ಒಂದು ಮೆಸೇಜ್ ಕಳಿಸಲು ಬಾರದ ಮಾವ ರಿಮೋಟನ್ನು ಮಾತ್ರ ಅರೆದು ಕುಡಿದಿದ್ದಾರೆ. ಅದು ಇನ್ನೊಬ್ಬರ ಕೈಗೆ ಹೋಗುವುದಿಲ್ಲ. ನಡುನಡುವೆ "ಇಲ್ಲಿ ಬರೇ ಹಾಡು ಐತಿ", "ಇದು ಬರೇ ಬೋರು" ಅನ್ನುತ್ತಾ ಗುಂಡಿ ಒತ್ತಿ ಮುಂದಕ್ಕೆ ಓಡಿಸುತ್ತಾರೆ. ಸಾವಿನ ಸೀನು ಬಂದರೆ ಓಡಿಸುವುದಿಲ್ಲ. ಹೆಣ ಎತ್ತಿದ್ದು, ಬಳೆ ಒಡೆದದ್ದು, ಫೋಟೋಗೆ ಹಾರ ಹಾಕಿದ್ದು ಎಲ್ಲವನ್ನೂ ನಾವು ಪೂರ್ತಿ ನೋಡಿದ್ದೇವೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ನಾನೂ ಒರೆಸಿಕೊಳ್ಳುತ್ತೇನೆ. ಹಾಡಿಗೆ ಬೇಜಾರುಪಡುವ ಮನುಷ್ಯ ಅಳುವುದಕ್ಕೆ ಬೇಜಾರುಪಡುವುದಿಲ್ಲವಲ್ಲ ಅಂತ ಆಗಲೇ ನನಗೆ ಹೊಳೆಯಬೇಕಿತ್ತು.

ಹೋದ ತಿಂಗಳು ಸೊರಬಕ್ಕೆ ಹೋಗಿದ್ದೆ, ಅಕ್ಕನ ಮನೆಗೆ. ಅಪ್ಪ ಅಮ್ಮ ಹೋದ ಮೇಲೆ ನನಗೆ ಅದೇ ತವರು. ಮಧ್ಯಾಹ್ನ ಊಟ ಮುಗಿಸಿ ಇಬ್ಬರೂ ಕಾಲು ಚಾಚಿ ಕೂತಿದ್ದಾಗ ಅಕ್ಕ ಅದೇ ಖಾನಾವಳಿ ಸಿನಿಮಾ ಹಾಕಿದಳು. ನೋಡಿದ್ದೇನೆ, ಕೊನೆ ಸರಿಯಿಲ್ಲ ಅಂದೆ. "ಸುಮ್ನೆ ಕೂರೇ" ಅಂದಳು. ಡ್ರೈವರ್ ಊಟ ಮಾಡಿ ಕೈ ತೊಳೆಯುವ ಜಾಗ ಬಂತು. ಇನ್ನು ಆಕೆ ರಸ್ತೆ ನೋಡುವುದೊಂದೇ ಬಾಕಿ ಅಂತ ಚಹಾ ಇಡಲು ಎದ್ದೆ.

"ಎಂತಕ್ಕೆ ಎದ್ದೆ? ಮುಖ್ಯದ್ದು ಈಗಲ್ವಾ ಬರೋದು."

ನಿಂತಲ್ಲೇ ನಿಂತೆ. ಡ್ರೈವರ್ ಕೈ ಒರೆಸಿಕೊಂಡು ಬಂದು ಬೆಂಚಿನ ಮೇಲೆ ಕೂತ. ನನ್ನನ್ನು ಮದುವೆ ಆಗ್ತೀಯಾ ಅಂತ ಕೇಳಿದ. ಆಕೆ ಒಲೆಯ ಮುಂದೆ ಕೂತು ಯೋಚನೆ ಮಾಡಿದಳು. ಹಿಟ್ಟು ಹತ್ತಿದ ಕೈಯನ್ನು ಎತ್ತಿ ನೋಡಿಕೊಂಡಳು, ನಕ್ಕಳು, ಆಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು, ಬೇಡ ಅಂದಳು. ಯಾಕೆ ಬೇಡ ಅಂತಲೂ ಹೇಳಿದಳು. ಬಹಳ ಹೊತ್ತಿನ ಸೀನು ಅದು. ಇಡೀ ಸಿನಿಮಾ ಅಲ್ಲೇ ಇತ್ತು. ಆಮೇಲೆ ಅವನು ಹೋದ, ಆಕೆ ರಸ್ತೆ ನೋಡುತ್ತಾ ನಿಂತಳು. ಅವನು ಯಾಕೆ ಹೋದ ಅಂತ ಈಗ ಗೊತ್ತಾಯಿತು.

"ಇದು ನಮ್ಮನೆ ಟೀವಿಲಿ ಬರ್ಲೇ ಇಲ್ಲ ಕಣೇ" ಅಂದೆ.

ಅಕ್ಕ ನನ್ನ ಮುಖ ನೋಡಲಿಲ್ಲ. "ನೀನೂ ಹೀಗೇ ಅಲ್ವಾ ಮಾಡಿದ್ದು" ಅಂದಳು. "ನನಗೊಂದು ಮಾತು ಹೇಳ್ದೆ ಒಲ್ಲೆ ಅಂದ್ಬಿಟ್ಟೆ. ಹೋಗ್ಲಿ, ನಿನ್ನಿಷ್ಟ ಅಂತ ನಾನೂ ಸುಮ್ಮನಾದೆ."

"ಎಂತ ಒಲ್ಲೆ ಅಂದೆ? ಯಾರಿಗೆ?"

"ಜಡೆಯವ್ರಿಗೆ, ಮಾರಾಯ್ತಿ. ಇನ್ಯಾರಿಗೆ."

ಜಡೆಯವರು ಅಂದರೆ ನನಗೆ ಗೊತ್ತು. ಜಡೆ ಊರಿನವರು, ಹೆಂಡತಿ ತೀರಿಕೊಂಡ ಮನುಷ್ಯ, ಬತ್ತದ ವ್ಯಾಪಾರ. ನಮ್ಮ ಅಂಗಡಿಗೆ ಬಂದು ತಮ್ಮ ಅಕ್ಕನ ಮನೆಯ ಕಾರ್ಯಕ್ಕೆ ದೊಡ್ಡ ಹಂಡೆ ಒಯ್ದಿದ್ದರು. ಆಮೇಲೆ ಒಂದು ಸೌಟು, ಒಂದು ಜಾಲರಿ, ಕುಕ್ಕರಿಗೆ ಒಂದು ಸೀಟಿ ಅಂತ ಬರುತ್ತಲೇ ಇದ್ದರು. ಜಡೆಯಿಂದ ಸೀಟಿ ಕೊಳ್ಳಲು ಸೊರಬ ದಾಟಿ ಶಿಕಾರಿಪುರಕ್ಕೆ ಯಾರು ಬರುತ್ತಾರೆ? ನನಗೂ ಅರ್ಥ ಆಗದೆ ಇರಲಿಲ್ಲ. ಒಂದು ಸಲ ಆ ಅಕ್ಕನನ್ನೂ ಕರೆದುಕೊಂಡು ಬಂದಿದ್ದರು. ಆಕೆ ಪಾತ್ರೆ ನೋಡಲೇ ಇಲ್ಲ, ನನ್ನನ್ನೇ ನೋಡಿದರು. ಆಮೇಲೆ ಬರುವುದು ನಿಂತೇ ಹೋಯಿತು. ಒಳ್ಳೆ ಗಿರಾಕಿ ಯಾಕೆ ತಪ್ಪಿದರು ಅಂತ ಕೆಲವು ದಿನ ಬಾಗಿಲ ಕಡೆ ನೋಡಿದ್ದೆ. ಸುಳ್ಳು ಯಾಕೆ ಹೇಳಲಿ, ಬಹಳ ದಿನವೇ ನೋಡಿದ್ದೆ.

ಜಡೆಯವರ ಕಡೆಯವರಿಂದಲೇ ಕೇಳಿ ಅಕ್ಕ ಹೇಳಿದ್ದು ಇಷ್ಟು. ಅವರ ಕಡೆಯ ಹಿರಿಯರು ಇಬ್ಬರು ನಮ್ಮ ಮನೆಗೆ ಬಂದು ಮಾವನ ಹತ್ತಿರ ಮಾತೆತ್ತಿದರು. ನಾನು ಅಂಗಡಿಯಲ್ಲಿದ್ದೆ. ಅತ್ತೆ ಅಂಜನಾಪುರದಲ್ಲಿ ಮಗಳ ಮನೆಯಲ್ಲಿದ್ದರು. ಮಾವ ಅವರಿಗೆ ಚಹಾ ಕೊಟ್ಟು, ಕೇಳಿ ಹೇಳುತ್ತೇನೆ ಅಂತ ಕಳಿಸಿದರು. ಎರಡು ದಿನ ಬಿಟ್ಟು ಫೋನು ಮಾಡಿ, "ಕೇಳಿದೆ ರೀ. ಆಕೀನೇ ಒಲ್ಲೆ ಅಂತಾಳ. ನನ್ನ ಮಗನ್ನ ಮರಿಯಾಕ ಆಗಂಗಿಲ್ಲಂತ" ಅಂದರಂತೆ.

ನಾನು ಹಾಗೆ ಅಂದಿರಲಿಲ್ಲ. ನನ್ನನ್ನು ಕೇಳಿಯೇ ಇರಲಿಲ್ಲ. ನನ್ನ ತುಟಿ ಅಲ್ಲಾಡಿಲ್ಲ, ಮಾತು ಮಾತ್ರ ಜಡೆಯವರೆಗೆ ಹೋಗಿ ಮುಟ್ಟಿತ್ತು.

"ಈಗ?" ಅಂದೆ.

"ಈಗೆಂತ? ಹಾನಗಲ್ ಕಡೆ ಹೆಣ್ಣು ನೋಡಿ ಆಯ್ತಲ್ಲ ಅವ್ರಿಗೆ."

ಅಕ್ಕ ಆಮೇಲೆ ಅತ್ತಳು, ನಿನ್ನ ಕೇಳ್ದೆ ನಂಬ್ಬಿಟ್ಟೆ ಅಂತ. ನನಗೆ ಅಳು ಬರಲಿಲ್ಲ. ಪಿತ್ತ ನೆತ್ತಿಗೇರಿ ಕೂತಿತ್ತು.

ಶಿಕಾರಿಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವಳಿಗೆ ಹೊರಗಿನದು ಏನೂ ಕಾಣಲಿಲ್ಲ. ಗುಂಡಿ ಎಲ್ಲಿ ಒತ್ತಬೇಕು ಅಂತ ಮಾವನಿಗೆ ಹೇಗೆ ಗೊತ್ತಾಗುತ್ತಿತ್ತು ಅಂತ ಯೋಚಿಸಿದೆ. ಆಗ ನೆನಪಾಯಿತು ಆ ಕೆಂಪು ಗೆರೆ. ಪೂರ್ತಿ ನೋಡಿದ ಸಿನಿಮಾದ ಚಿತ್ರದ ಕೆಳಗೆ ಟೀವಿಯಲ್ಲಿ ಒಂದು ಕೆಂಪು ಗೆರೆ ಬರುತ್ತದೆ. ಅಕ್ಕನ ಮನೆಯಲ್ಲಿ ಆ ಸಿನಿಮಾಕ್ಕೆ ಗೆರೆ ಇರಲಿಲ್ಲ. ನಮ್ಮ ಮನೆಯಲ್ಲಿ, ಹೊಸದು ಅಂತ ಹಾಕಿದ ಸಿನಿಮಾಕ್ಕೂ ಹಾಕುವ ಮೊದಲೇ ಇರುತ್ತಿತ್ತು. ನಾನು ಅದನ್ನು ಚಂದಕ್ಕೆ ಹಾಕಿದ್ದು ಅಂದುಕೊಂಡಿದ್ದೆ. ಅಂದರೆ ನಾನು ಅಂಗಡಿಯಲ್ಲಿ ಕುಕ್ಕರು ಮಾರುವ ಹೊತ್ತಿನಲ್ಲಿ, ಅತ್ತೆ ಹಿತ್ತಲಲ್ಲೋ ಅಡುಗೆಮನೆಯಲ್ಲೋ ಇರುವ ಹೊತ್ತಿನಲ್ಲಿ ಇವರು ಒಬ್ಬರೇ ಕೂತು ಸಿನಿಮಾ ಪೂರ್ತಿ ನೋಡಿ, ನನಗೆ ಯಾವುದು ಬೇಕು ಯಾವುದು ಬೇಡ ಅಂತ ಹಸನು ಮಾಡಿ ಇಡುತ್ತಿದ್ದರು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ನಮ್ಮವರಲ್ಲಿ ಇದೇನು ಕಂಡು ಕೇಳರಿಯದ ವಿಷಯವೇ? ಉಡಿಕೆ ಅನ್ನುವ ಮಾತೇ ಇದೆ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆ ಸೇರಿಸುತ್ತಿದ್ದರು. ಮಾವನ ಸ್ವಂತ ಸೋದರತ್ತೆಗೆ ಉಡಿಕೆ ಆಗಿತ್ತು ಅಂತ ಅವರೇ ಹೇಳಿದ್ದರು. ಆ ಕಾಲದ ಓದುಬರಹ ಇಲ್ಲದ ಹಿರಿಯರು ಕೂರಿಸಿಕೊಂಡು ಕೇಳುತ್ತಿದ್ದರು. ಮನೆಯಲ್ಲಿ ಗೋಡೆಯಗಲ ಟೀವಿ ಇಟ್ಟುಕೊಂಡ ಇವರಿಗೆ ಒಂದು ಮಾತು ಕೇಳಲು ಆಗಲಿಲ್ಲ. ಅಂಗಡಿಗೆ ಯಾರು ಅನ್ನುವ ಭಯವೋ, ಮಗನ ಹಾಗೆ ನಾನೂ ಮನೆಯಿಂದ ಹೋಗುತ್ತೇನೆ ಅನ್ನುವ ಭಯವೋ. ಯಾವ ಭಯವಾದರೂ ನನಗೆ ಹೇಳಬಹುದಿತ್ತು. ಕಲ್ಲಿನವಳಲ್ಲ ನಾನು.

ಜಡೆಯವರಿಗೆ ನಾನು ಏನು ಹೇಳುತ್ತಿದ್ದೆ? ಬಸ್ಸಿನಲ್ಲಿ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಹೂಂ ಅನ್ನುತ್ತಿದ್ದೆನೋ ಏನೋ. ಬೇಡ ಅನ್ನುತ್ತಿದ್ದೆನೋ ಏನೋ. ಈಗ ಅದು ನನಗೇ ಎಂದೂ ಗೊತ್ತಾಗುವುದಿಲ್ಲ. ಹೊಟ್ಟೆಗೆ ಬೆಂಕಿ ಬಿದ್ದದ್ದು ಅದಕ್ಕೇ.

ಮನೆಗೆ ಬಂದ ದಿನ ಏನೂ ಆಡಲಿಲ್ಲ. ಮರುದಿನ ಸಂಜೆ ಅತ್ತೆ ಮಂಡಕ್ಕಿ ತಂದಿಟ್ಟರು, ಮಾವ ಹೊಸ ಸಿನಿಮಾ ಹುಡುಕತೊಡಗಿದರು.

"ಹೊಸದು ಬೇಡ ಮಾವ. ಆ ಖಾನಾವಳಿದು ಹಾಕಿ" ಅಂದೆ.

"ನೋಡಿದ್ದನ್ನ ಏನ್ ನೋಡ್ತಿಯವ್ವ."

"ನಾನು ನೋಡಿಲ್ಲ."

ಅವರು ನನ್ನ ಕಡೆ ತಿರುಗಿದರು. ನಾನು ಕೈ ಚಾಚಿದೆ. ಚಾಚಿದ ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ಕೊನೆಗೆ ತೊಡೆಯ ಕೆಳಗಿನಿಂದ ರಿಮೋಟ್ ತೆಗೆದು ಕೊಟ್ಟರು. ಕೊಡುವ ಮೊದಲು ಪಂಚೆಯ ಅಂಚಿನಿಂದ ಅದನ್ನು ಒರೆಸಿದರು. ಕನಿಕರ ಬಂತು, ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಡ್ರೈವರ್ ಕೈ ತೊಳೆಯುವ ಜಾಗ ಬಂದಾಗ ಮಾವ ಎದ್ದರು. "ನೀರು ಕುಡದು ಬರ್ತೀನಿ" ಅಂದರು.

"ಕೂತ್ಕೊಳ್ಳಿ ಮಾವ" ಅಂದೆ. ಹಾಗೆ ಅವರಿಗೆ ನಾನು ಎಂದೂ ಅಂದವಳಲ್ಲ. ಕೂತರು.

"ಇದನ್ನ ಓಡಿಸ್ಬ್ಯಾಡ" ಅಂದರು ಅತ್ತೆ, ಟೀವಿಯಿಂದ ಕಣ್ಣು ತೆಗೆಯದೆ. "ನಾನೂ ನೋಡಿಲ್ಲ ಇದನ್ನ."

ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನನ್ನ ಜೊತೆ ಕೂತು ಅವರೂ ತೂತು ಬಿದ್ದ ಸಿನಿಮಾಗಳನ್ನೇ ನೋಡಿದ್ದರು.

ಡ್ರೈವರ್ ಕೇಳಿದ. ಆಕೆ ಯೋಚಿಸಿದಳು, ಹಿಟ್ಟಿನ ಕೈ ನೋಡಿಕೊಂಡಳು, ನಕ್ಕಳು, ಬೇಡ ಅಂದಳು. ಮಾವ ತಲೆ ತಗ್ಗಿಸಿ ನೆಲ ನೋಡುತ್ತಾ ಕೂತಿದ್ದರು.

"ನಿನಗ ಬ್ಯಾಸರ ಆಗಬಾರ್ದು ಅಂತ..." ಅಂತ ಶುರು ಮಾಡಿದರು.

"ನನ್ನ ಬೇಜಾರು ನಾನು ನೋಡ್ಕೊಳ್ತೀನಿ ಮಾವ. ಅದನ್ನೂ ನೀವೇ ಯಾಕೆ ನೋಡ್ಬೇಕು?"

ಅತ್ತೆಗೆ ಏನೂ ಗೊತ್ತಿರಲಿಲ್ಲ. ಅಂಜನಾಪುರದಿಂದ ಬಂದ ಮೇಲೂ ಮಾವ ಅವರಿಗೆ ಹೇಳಿರಲಿಲ್ಲ. ಒಮ್ಮೆ ನನ್ನ ಕಡೆ, ಒಮ್ಮೆ ಗಂಡನ ಕಡೆ ನೋಡಿ, ಸಿನಿಮಾದ ಮಾತೇ ಅಂದುಕೊಂಡು ಕೇಳಿದರು.

"ಬ್ಯಾಡ ಅಂದ್ಲಲ್ರೀ ಆಕಿ. ಒಳ್ಳೇ ಮಾತೇ ಅಂದ್ಲು. ಇದನ್ಯಾಕ ಓಡಿಸಿದ್ರಿ ನೀವು?"

ನಾನು ರಿಮೋಟನ್ನು ಮಾವನ ಮುಂದೆ ಇಟ್ಟೆ.

"ಬೇಡ ಅನ್ನೋದಕ್ಕಾದ್ರೂ ಆಕೆನ ಒಬ್ರು ಕೇಳಿದ್ರು ಅತ್ತೆ" ಅಂದೆ. "ಜಡೆಯವರು ಬಂದಾಗ ನನ್ನ ಯಾರೂ ಕೇಳ್ಲಿಲ್ಲ."