ಬ್ಯಾಂಡ್ ಮಾಸ್ಟರರ ಪ್ರಚಾರ

ಮುಳಬಾಗಿಲಿನ ಸೈಬರ್ ಸೆಂಟರಿನಲ್ಲಿ ಆ ಮಧ್ಯಾಹ್ನ ನಾಲ್ವರಿದ್ದೆವು: ಅಂಗಡಿಯವನು, ಟೈಪ್ ಮಾಡಿಕೊಡಲು ನಾನು, ಮದುವೆ ಬ್ಯಾಂಡಿನ ಮಾಸ್ಟರು, ಅವರ ಡ್ರಮ್ಮಿನವನು. ಮಾಸ್ಟರು ಬ್ಯಾಂಡಿನ ಕೆಂಪು ಕೋಟು ತೊಟ್ಟೇ ಬರುವರು; ಇಂಟರ್ನೆಟ್ಟಿನಲ್ಲಿ ಸ್ನೇಹಿತರನ್ನು ಕೂಡಿಸುವ ಸೈಟೊಂದರಲ್ಲಿ ತಮ್ಮ ಪುಟ ತೆರೆದೊಡನೆ ಪರದೆಗೆ ಕೈಮುಗಿಯುವರು. ಅಲ್ಲಿ ಕಂಡರಿಯದ ಬ್ರೆಜಿಲಿನ ಹುಡುಗಿಯರೆಲ್ಲ ಅವರ ಸ್ನೇಹಿತರು. "ಲೋಕ ನೋಡ್ತಾ ಐತೆ ಕಣಯ್ಯಾ" ಎನ್ನುತ್ತ, ಬ್ಯಾಂಡಿನ ಹೊಗಳಿಕೆಯನ್ನು ತಾವೇ ಹೇಳಿ ನನ್ನಿಂದ ಬರೆಸುವರು.

"ಲೋಕ ಇರ್ಲಿ ಮಾಸ್ಟ್ರೇ, ಈ ತಿಂಗ್ಳು ಒಂದು ಮದುವೇನೂ ಇಲ್ಲ. ಮನೇಲಿ ಒಲೆ ಉರೀಬೇಕಲ್ಲ" ಎಂದ ಡ್ರಮ್ಮಿನವನು.

ಅಷ್ಟರಲ್ಲಿ ಶ್ರೀನಿವಾಸಪುರದ ಒಬ್ಬರ ಸಂದೇಶ ಕಂಡಿತು. ಶುಕ್ರವಾರ ಮಗಳ ಮದುವೆ, ನಿಮ್ಮ ಬ್ಯಾಂಡೇ ಬೇಕು ಎಂದು ವಿಳಾಸ ಸಮೇತ ಬರೆದಿದ್ದರು.

"ವೀಳ್ಯ ಎಲ್ಲಿ?" ಎಂದರು ಮಾಸ್ಟರು. "ಮನೆ ಬಾಗ್ಲಿಗೆ ಬಂದು ಎಲೆಅಡಿಕೆ ಕೈಗಿಡ್ದೆ ನಮ್ಮಪ್ಪನ ಕಾಲದಿಂದ್ಲೂ ಯಾರ ಮದುವೆಗೂ ಹೋದೋರಲ್ಲ ನಾವು. ಕಂಪ್ಯೂಟರ್‌ನಾಗೆ ಕರೆಯೋದೂ ಒಂದು ಕರೆಯಾ?"

"ಇದ್ರಾಗೇ ಕರೀರಿ ಅಂತ ಬರೆಸಿದ್ದು ನೀವೇ ಅಲ್ವಾ?" ಎಂದ ಡ್ರಮ್ಮಿನವನು.

"ಅದು ಪ್ರಚಾರ ಕಣ್ಲಾ. ಮರ್ಯಾದೆ ಬೇರೆ."

ಉತ್ತರ ಬರೆಯಲು ಬಿಡಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ತಮ್ಮ ಹೊಸ ಫೋಟೊ ಹಾಕಿಸಿದರು. ಡ್ರಮ್ಮಿನವನು ವಿಳಾಸವನ್ನು ಚೀಟಿಯಲ್ಲಿ ಬರೆಸಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದ.

ಶುಕ್ರವಾರ ಬ್ಯಾಂಡಿನವರೆಲ್ಲ ಅವನ ಜೊತೆ ಹೋಗಿ ನುಡಿಸಿದರು. ಮಾಸ್ಟರ ಕ್ಲಾರಿನೆಟ್ಟಿನ ಜಾಗಕ್ಕೆ ಮಾಲೂರಿನವನೊಬ್ಬ ಬಂದಿದ್ದ.

ಸೋಮವಾರ ಆ ಮನೆಯವರು ಮಾಸ್ಟರ ಪುಟದಲ್ಲಿ, ನಿಮ್ಮ ಬ್ಯಾಂಡು ಬಲು ಚೆನ್ನಾಗಿತ್ತು ಎಂದು ಬರೆದಿದ್ದರು. ಮಾಸ್ಟರು ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಆಮೇಲೆ ಕೆಳಗೆ ಧನ್ಯವಾದ ಎಂದು ಬರೆಸಿದರು.