ಹೂವಮ್ಮನ ಕರಿ ಮರಿ

ಆನಂದಪುರದಿಂದಾಚೆ, ಮಲೆನಾಡಿನ ಮಳೆ ಕೊಂಚ ಕೈ ಬಿಗಿಹಿಡಿಯುವ ಸೀಮೆಯಲ್ಲಿ, ಹೂವಮ್ಮ ಅನ್ನುವ ಹೆಂಗಸೊಬ್ಬಳಿದ್ದಳು. ಹುಟ್ಟಿ ಬೆಳೆದದ್ದು ಶರಾವತಿ ದಂಡೆಯಲ್ಲಿ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಮನೆ ಮೆಟ್ಟಿಲು ಮುಟ್ಟಿದ ವರ್ಷ ಲಾರಿಯೊಂದು ಅವಳನ್ನೂ ಅವಳ ಒರಳುಕಲ್ಲನ್ನೂ ತಂದು ಇಲ್ಲಿ ಇಳಿಸಿತ್ತು. ಗಂಡ ಗುತ್ಯಪ್ಪ ಹೊಸ ಊರಿನ ಮೊದಲ ಜ್ವರಕ್ಕೇ ಹೋದ. ಊರವರಿಗೆ ಅವಳ ಹೆಸರು ಬೇಕಾಗಿರಲಿಲ್ಲ, 'ಮುಳುಗಡೆಯವಳು' ಅಂದರೆ ಸಾಕಿತ್ತು. ಯಾರ ಹಿತ್ತಲಲ್ಲಿ ಸೌತೆಕಾಯಿ ಕಾಣೆಯಾದರೂ ಕಣ್ಣು ಮೊದಲು ತಿರುಗುತ್ತಿದ್ದುದು ಅವಳ ಗುಡಿಸಲ ಕಡೆಗೇ.

ಹೊಳೆದಂಡೆಯವರಿಗೆ ಕುರಿ ಸಾಕಿ ಗೊತ್ತಿಲ್ಲ. ಅಲ್ಲಿಯ ಕೆಸರಿಗೆ ಕುರಿಯ ಗೊರಸೇ ಕೊಳೆತುಹೋಗುತ್ತದೆ. ಆದರೂ ಹೊಟ್ಟೆ ಕೇಳಬೇಕಲ್ಲ. ವಾಸಪ್ಪಗೌಡರ ಹಟ್ಟಿಯಿಂದ ಒಂದು ಬಿಳಿ ಕುರಿಯನ್ನು ಪಾಲಿಗೆ ತಂದಳು. ಪಾಲೆಂದರೆ ಮೊದಲ ಮರಿ ಒಡೆಯನಿಗೆ, ಎರಡನೆಯದು ಸಾಕಿದವರಿಗೆ. ಗೌಡರ ಹಟ್ಟಿಯಲ್ಲಿ ಬಿಳಿ ಬಿಟ್ಟು ಬೇರೆ ಬಣ್ಣವಿರಲಿಲ್ಲ. ಗೋಮಾಳದಲ್ಲಿ ಎಷ್ಟು ಮನೆಯ ಕುರಿ ಬೆರೆತರೂ "ಬಿಳೀದೆಲ್ಲ ನಂದು" ಎಂದು ದೂರದಿಂದಲೇ ಕೋಲು ತೋರಿಸುವುದು ಅವರ ಗತ್ತು. ಆ ವರ್ಷ ರಾಣೆಬೆನ್ನೂರಿನ ಸಂತೆಯಿಂದ ಹೊಸ ಟಗರನ್ನೂ ತಂದಿದ್ದರು, ಹತ್ತಿಯ ಮೂಟೆಯಂಥದ್ದು. ಹೂವಮ್ಮನ ಕುರಿ ಗಬ್ಬವಾದದ್ದು ಆ ಟಗರಿನಿಂದಲೇ.

ಈದ ಮರಿ ಮಾತ್ರ ಕಾಡಿಗೆಗಪ್ಪು.

ಹೂವಮ್ಮನಿಗೆ ಅದೊಂದು ಸೋಜಿಗ ಅನಿಸಲಿಲ್ಲ. ಅವಳ ಸೀಮೆಯ ಗಿಡ್ಡ ದನಗಳು ತೋಚಿದ ಬಣ್ಣದ ಕರು ಹಾಕುತ್ತವೆ, ಯಾರೂ ಕೇಳುವುದಿಲ್ಲ. ಮರಿಯ ಹಣೆಗೆ ಅರಿಶಿನ ಹಚ್ಚಿ, ಎತ್ತಿಕೊಂಡು, ತಾಯಿಕುರಿಯನ್ನೂ ಹೊಡೆದುಕೊಂಡು ತಾನಾಗಿಯೇ ಗೌಡರ ಅಂಗಳಕ್ಕೆ ಹೋದಳು.

"ನಿಮ್ಮ ಪಾಲು ತಂದೀನಿ ಗೌಡ್ರೆ."

ಗೌಡರು ಮರಿ ನೋಡಿದರು, ಅವಳ ಮುಖ ನೋಡಿದರು. "ನನ್ನ ಮರಿ ಎಲ್ಲಿ?"

"ಇದೇಯ."

"ಇದು ಕಂಬಳಿ ನೇಯೋರ ಕರಿ ಮಂದೇದು! ಮೊನ್ನೆ ಕೆರೆ ಹಿಂದೆ ಅವರ ಕುರಿ ತಂಗಿದ್ವಲ್ಲ, ಬಿಳಿ ಮರಿ ಅವರಿಗೆ ಕೊಟ್ಟು, ಏನೋ ಗಿಟ್ಟಿಸ್ಕಂಡು, ಇದನ್ನ ತಂದೀಯ. ನೀರಲ್ಲಿ ಮುಳುಗಿ ಬಂದೋರಿಗೆ ನಾಚ್ಕೆನೂ ಮುಳುಗಿ ಹೋಯ್ತೇನೇ?"

ಜನ ಸೇರಿತು. ಹೂವಮ್ಮ ಮರಿಯನ್ನು ಕೆಳಗೆ ಬಿಟ್ಟಳು. ಅದು ನೇರ ಹೋಗಿ ಕೆಚ್ಚಲಿಗೆ ಬಾಯಿ ಹಾಕಿತು. ತಾಯಿ ಅದರ ಬಾಲ ಮೂಸಿತು.

"ನೋಡಿ, ಕುರಿಗೇ ಗೊತ್ತು."

"ಸತ್ತ ಮರಿ ಚರ್ಮ ಹೊದಿಸಿದ್ರೆ ಕುರಿ ಬೇರೆ ಯಾವ ಮರಿಗೂ ಹಾಲು ಕೊಡುತ್ತೆ. ಆ ಆಟ ನನ್ನತ್ರ ಬೇಡ."

ಚುಚ್ಚುಮದ್ದು ಹಾಕಲು ಸಾಗರದಿಂದ ಬಂದಿದ್ದ ದನದ ಡಾಕ್ಟರು ಉಮಾಮಹೇಶ್ವರ ಅಲ್ಲೇ ಜಗಲಿಯಲ್ಲಿ ಕೈ ತೊಳೆಯುತ್ತಿದ್ದರು. "ಗೌಡ್ರೆ, ಮರಿಗೆ ಬಣ್ಣದ್ದು ಎರಡು ಪಾಲು. ತಾಯಿಂದೊಂದು, ಅಪ್ಪನಿಂದೊಂದು. ಬಿಳಿಪಾಲು ಒಂದಿದ್ರೂ ಸಾಕು, ಕರಿಪಾಲನ್ನ ಮುಚ್ಚಿಬಿಡುತ್ತೆ. ಎರಡೂ ಕರಿಯೇ ಬಿದ್ರೆ ಮಾತ್ರ ಕರಿ ಮರಿ. ಈ ಕುರಿಯೊಳಗೂ ಕರಿ ಅಡಗಿದೆ, ನಿಮ್ಮ ಟಗರಿನೊಳಗೂ ಅಡಗಿದೆ. ನಿಮ್ಮ ಕರಿ ಹಸುಗೆ, ಕರಿ ಹೋರಿಯಿಂದಲೇ ಕೆಂದ ಕರು ಹುಟ್ಟಿತ್ತಲ್ಲ, ಅದನ್ನ ಯಾರು ಬದಲಾಯಿಸಿದ್ರು?"

ಹೂವಮ್ಮನ ಪಕ್ಕದ ಮನೆಯ ಜಲಜಮ್ಮ ಸೆರಗು ಬಾಯಿಗಿಟ್ಟಳು. "ಹಂಗಾದ್ರೆ ಹತ್ತಿ ಮೂಟೆ ಒಳಗೂ ಮಸಿ ಐತೆ ಅನ್ನಿ!"

ಅಂಗಳ ನಕ್ಕಿತು. ಆ ನಗುವೇ ಕೆಟ್ಟದ್ದಾಯಿತು. ಗೌಡರ ಕಿವಿ ಕೆಂಪಾದವು. "ಡಾಕ್ಟ್ರು ಸೂಜಿ ನೋಡ್ಕಳ್ಳಿ. ನನ್ನ ಹಟ್ಟೀಲಿ ಕರಿ ಹುಟ್ಟಲ್ಲ. ಹುಟ್ಟಿದ್ರೆ ಅದು ಕದ್ದದ್ದು. ಇವಳು ಕಳ್ಳಿ!"

ಕುರಿಯನ್ನು ಕಸಿದು ಹಟ್ಟಿಗೆ ಅಟ್ಟಿಸಿದರು. ಮರಿ ಕಿರುಚುತ್ತ ಹಿಂದೆ ಓಡಿತು. ಗೌಡರು ಕಾಲಲ್ಲಿ ಒದ್ದರು. ಹೂವಮ್ಮ ಅದನ್ನು ಎತ್ತಿಕೊಂಡಳು.

"ಇದು ನಿಮ್ಮ ಕುರೀದಲ್ಲ ಅಂದ್ರಿ. ಎಲ್ಲರೂ ಕೇಳಿದಾರೆ. ಹಂಗಾದ್ರೆ ನಿಮಗೆ ಇದ್ರಲ್ಲಿ ಪಾಲಿಲ್ಲ."

ಆಮೇಲಿನ ದಿನಗಳು ಕಹಿ. ಬಾವಿಕಟ್ಟೆಯಲ್ಲಿ ಅವಳು ಬಂದರೆ ಕೊಡಗಳು ಪಕ್ಕಕ್ಕೆ ಸರಿಯುತ್ತಿದ್ದವು. ಕೂಲಿಗೆ ಕರೆಯುವುದು ನಿಂತಿತು. ಕಳ್ಳಿಯನ್ನು ಗದ್ದೆಗೆ ಯಾರು ಇಳಿಸುತ್ತಾರೆ? ಜಲಜಮ್ಮ ಮಾತ್ರ ಬೇಲಿ ಮೇಲಿಂದ ಆಡಿನ ಹಾಲು ದಾಟಿಸುತ್ತಿದ್ದಳು. ಹೂವಮ್ಮ ಬಟ್ಟೆಯ ಬತ್ತಿ ಅದ್ದಿ ಮರಿಗೆ ಚೀಪಿಸುತ್ತಿದ್ದಳು, ಬೈಯುತ್ತಲೇ. "ಕುಡಿ, ಕರಿಮೂತಿ. ನಿನ್ನಿಂದ ನಾನು ಕಳ್ಳಿಯಾದೆ. ಸತ್ತುಗಿತ್ತೀಯ, ಜೋಕೆ."

ಗೌಡರ ಹಟ್ಟಿಯ ಕುರಿಗಳು ಈಯುವ ಕಾಲ ಬಂತು. ಒಂದು ಮಧ್ಯಾಹ್ನ, ಊರು ಊಟಕ್ಕೆ ಕೂತ ಹೊತ್ತಲ್ಲಿ, ಗೌಡರು ಒಬ್ಬರೇ ಹೂವಮ್ಮನ ಗುಡಿಸಲಿಗೆ ಬಂದರು. ಬಿಸಿಲಿನಲ್ಲೂ ಮೈಮೇಲೆ ಕಂಬಳಿ. ಕಂಬಳಿ ಒದ್ದಾಡುತ್ತಿತ್ತು.

"ಹೂವಮ್ಮಾ," ಅಂದರು. ಅವರ ಬಾಯಲ್ಲಿ ಅವಳ ಹೆಸರು ಬಂದದ್ದು ಅದೇ ಮೊದಲು. ಅಂಚು ಸರಿಸಿದರು. ಒಳಗೆ ಕಾಡಿಗೆಗಪ್ಪಿನ ಮರಿ, ಇನ್ನೂ ಹಸಿಹಸಿ. "ನಿನ್ನತ್ರ ಒಂದಿದೆಯಲ್ಲ, ಜೊತೆಗಿರ್ಲಿ. ಬಾಯಿ ಬಿಡಬೇಡ. ಕುರೀನೂ ವಾಪಸ್ ಕೊಡ್ತೀನಿ."

ಕುರಿಯ ಮಾತು ಬಂದಾಗ ಹೂವಮ್ಮನ ಕೈ ಒಮ್ಮೆ ಮುಂದಾಯಿತು. ಮರುಗಳಿಗೆ ಅವಳು ಬಾಗಿಲಿಗೆ ಅಡ್ಡ ನಿಂತಳು.

"ನಿಮ್ಮ ಹಟ್ಟೀಲಿ ಕರಿ ಹುಟ್ಟಲ್ಲ ಗೌಡ್ರೆ. ಹುಟ್ಟಿದ್ರೆ ಅದು ಕದ್ದದ್ದು. ಕದ್ದ ಮಾಲು ನನ್ನ ಮನೆಗೆ ತರಬೇಡಿ."

"ಮೆಲ್ಲಗೆ ಮಾತಾಡೇ!"

"ಅವತ್ತು ನೀವು ಮೆಲ್ಲಗೆ ಆಡಿದ್ರಾ? ಜಲಜಕ್ಕಾ! ಬಾರೇ, ಊಟ ಆಮೇಲೆ ಮಾಡು. ಕಳ್ಳ ಸಿಕ್ಕಿದಾನೆ!"

ಗೌಡರು ತಿರುಗಿ ಬಿರಬಿರನೆ ನಡೆದರು. ಮರಿ ಕಂಬಳಿಯೊಳಗಿಂದ ಕಿರುಚಿತು. ಮನೆಮನೆಯಿಂದ ಎಂಜಲುಗೈಯಲ್ಲೇ ಜನ ಹೊರಬಂದು, ಗೌಡರು ದಾಟಿಹೋಗುವವರೆಗೆ ನೋಡುತ್ತ ನಿಂತರು.

ಮಾರನೆಯ ಬೆಳಿಗ್ಗೆ ಕೂಲಿಗೆ ಕರೆ ಬಂತು, ಬಾವಿಕಟ್ಟೆಯಲ್ಲಿ ಜಾಗವೂ ಸಿಕ್ಕಿತು. ಹೂವಮ್ಮ ನೀರು ಸೇದಿದಳು, ಯಾರ ಮುಖವನ್ನೂ ನೋಡಲಿಲ್ಲ. ಮುಂದೆ ಅವಳ ಮರಿ ಕೊಬ್ಬಿದ ಕರಿ ಟಗರಾಯಿತು. ಗೌಡರ ಮನೆ ಮುಂದಿನ ದಾರಿಯಲ್ಲೇ ಅದನ್ನು ದಿನಾ ಮೇಯಲು ಹೊಡೆದುಕೊಂಡು ಹೋಗುತ್ತಿದ್ದಳು. ಬಳಸುದಾರಿಯೊಂದು ಹತ್ತಿರದಲ್ಲೇ ಇತ್ತು; ಬದುಕಿರುವವರೆಗೆ ಅವಳು ಅದನ್ನು ತುಳಿಯಲಿಲ್ಲ.