ವೈಜಿನಾಥ ಮಿಸ್ತ್ರಿಯ ಅಗಲ ಹಾದಿ

ನಮ್ಮಪ್ಪ ಕಟ್ಟಿದ ಕಾರಿನ ಹಾದಿಯ ಮಾತು ಬಂದರೆ ಇವತ್ತಿಗೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಮೊನ್ನೆ ಔರಾದದಲ್ಲಿ ನಮ್ಮ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಬಂದಿದ್ದ ಬೀದರಿನ ಮುದುಕರೊಬ್ಬರು, "ನೀ ವೈಜಿನಾಥ ಮಿಸ್ತ್ರಿ ಮಗಳು ಶಾಲುಬಾಯಿ ಅಲ್ಲೇನವ್ವಾ? ನಿಮ್ಮಪ್ಪ ಮಾಡಿದ್ದು ಕಾರಿನ ರಸ್ತಾ ಅಲ್ಲ, ಎತ್ತಿನ ಗಾಡಿ ರಸ್ತಾ ಇತ್ತು ನೋಡು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ತಾಟಿನಲ್ಲಿ ಊಟವಿತ್ತು, ಅದಕ್ಕೇ ಸುಮ್ಮನಾದೆ. ಇಲ್ಲದಿದ್ದರೆ ನನ್ನ ಬಾಯಿ ಎಂಥದೆಂದು ಓಣಿಗೆಲ್ಲ ಗೊತ್ತು.

ಅಗಲವಾಗಿತ್ತು, ಹೌದು. ಸುಳ್ಳು ಯಾಕೆ ಹೇಳಲಿ? ಇದು ಆಟದ ಕಾರು ಓಡಿಸುವ ಹಾದಿ, ನೋಡದವರಿಗಾಗಿ ಹೇಳುತ್ತೇನೆ. ನಡುಮಟ್ಟ ಎತ್ತರದ ಹಲಗೆಯ ಹಾದಿ, ಸುತ್ತಿ ಬಳಸಿ ಹೊರಟಲ್ಲಿಗೇ ಬಂದು ಸೇರುತ್ತದೆ. ಹಲಗೆಯಲ್ಲಿ ಉದ್ದಕ್ಕೂ ಕೊರೆದ ಸೀಳುಗಳು, ಪ್ರತಿ ಸೀಳಿನ ಎರಡೂ ಬದಿಗೆ ತಾಮ್ರದ ಪಟ್ಟಿ, ಪಟ್ಟಿಯಲ್ಲಿ ಸಣ್ಣಗೆ ಕರೆಂಟು. ಗೇಣುದ್ದದ ಕಾರಿನ ಹೊಟ್ಟೆಯಡಿ ಒಂದು ನಾಲಿಗೆ ಇರುತ್ತದೆ, ಅದು ಸೀಳಿನೊಳಗೆ ಇಳಿದಿರುತ್ತದೆ. ಆಡುವವನ ಕೈಯಲ್ಲಿ ಒಂದು ಹಿಡಿಕೆ, ಅದಕ್ಕೆ ಬಂದೂಕಿನ ಹಾಗೆ ಘೋಡಾ. ಒತ್ತಿದರೆ ಕಾರು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ತಿರುವಿನಲ್ಲಿ ಆಸೆಬಿದ್ದು ಒತ್ತಿದಿರೋ, ಸೀಳು ಬಿಟ್ಟು ಹಾರಿ ಪಲ್ಟಿ ಹೊಡೆಯುತ್ತದೆ. ಬೇರೆ ಕಡೆ ಒಂದು ಸೀಳಿಗೂ ಮತ್ತೊಂದಕ್ಕೂ ಅಂಗೈ ಅಗಲದ ಅಂತರ. ನಮ್ಮಪ್ಪ ಕಟ್ಟಿದ್ದರಲ್ಲಿ ಒಂದು ಮೊಳ.

ಇದು ಹೇಗಾಯಿತೆಂದು ಹೇಳಬೇಕಾದರೆ ಕೂರಿಗೆಯಿಂದ ಶುರು ಮಾಡಬೇಕು.

ನಮ್ಮೂರು ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿ. ಅಪ್ಪ ಅಲ್ಲಿಯ ಬಡಿಗ. ಬಾಗಿಲು ಚೌಕಟ್ಟು ಯಾರಾದರೂ ಮಾಡುತ್ತಾರೆ, ಕೂರಿಗೆ ಮಾತ್ರ ವೈಜಿನಾಥನದೇ ಬೇಕು ಎನ್ನುತ್ತಿದ್ದರು ಜನ. ಎತ್ತಿನ ಹಿಂದೆ ಕೂರಿಗೆ ನಡೆದಂತೆ ಅದರ ತಾಳುಗಳು ನೆಲ ಸೀಳುತ್ತವೆ, ಮೇಲಿನ ಬಟ್ಟಲಿಗೆ ಹಾಕಿದ ಕಾಳು ಕೊಳವೆಯಲ್ಲಿಳಿದು ಸೀಳಿಗೆ ಬೀಳುತ್ತದೆ. ತಾಳಿನಿಂದ ತಾಳಿಗೆ ಅಂತರ ಕೂದಲೆಳೆಯಷ್ಟೂ ತಪ್ಪಬಾರದು. ತಪ್ಪಿದರೆ ಮುಂದೆ ಸಾಲುಗಳ ನಡುವೆ ಎಡೆ ಹೊಡೆಯುವಾಗ ಕುಂಟೆ ಕಳೆಯ ಜೊತೆ ಬೆಳೆಯನ್ನೂ ಕೊಯ್ದುಬಿಡುತ್ತದೆ. ಅಪ್ಪನ ಬಳಿ ನನ್ನ ಮುತ್ತಜ್ಜನ ಕಾಲದ ಒಂದು ಜಾಲಿಯ ಅಳತೆಕೋಲಿತ್ತು. ಅದರ ಮೇಲೆ ಹೆಸರುಕಾಳಿಗೊಂದು ಕಚ್ಚು, ಜೋಳಕ್ಕೊಂದು ಕಚ್ಚು. ಕೈ ತಾಗಿ ತಾಗಿ ಅದು ಕಪ್ಪಾಗಿ ಹೊಳೆಯುತ್ತಿತ್ತು.

ಎಪ್ಪತ್ತೆರಡರ ಬರದಲ್ಲಿ ಬಿತ್ತುವವರೇ ಇಲ್ಲದಾದರು. ಅಪ್ಪ ಕೋಲನ್ನು ಜಂತಿಗೆ ಸಿಕ್ಕಿಸಿ, ನಮ್ಮವ್ವ ಸುಭದ್ರಾಬಾಯಿಯನ್ನು ಅಜ್ಜಿಯ ಜೊತೆ ಊರಲ್ಲೇ ಬಿಟ್ಟು, ಹನ್ನೆರಡು ವರ್ಷದ ನನ್ನನ್ನು ಕರೆದುಕೊಂಡು ಮುಂಬೈ ರೈಲು ಹತ್ತಿದ. "ಕೋಲು ತಗೋಳಂಗಿಲ್ಲೇನು?" ಎಂದು ಅವ್ವ ಕೇಳಿದ್ದಕ್ಕೆ, "ಮುಂಬೈದಾಗ ಯಾರ ಹೊಲಾ ಬಿತ್ತಲಿ?" ಎಂದಿದ್ದ.

ಅಲ್ಲಿ ಅವನಿಗೆ ಸಿಕ್ಕಿದ್ದು ಜನ ದುಡ್ಡು ಕೊಟ್ಟು ಇಂಥ ಕಾರು ಓಡಿಸುವ ಒಂದು ಆಟದ ಹಾಲಿನಲ್ಲಿ ಕೆಲಸ. ಸೀಳು ಸವೆದರೆ ತಿದ್ದುವುದು, ಹಲಗೆ ಉಬ್ಬಿದರೆ ಉಜ್ಜುವುದು. ನಾನು ತಿರುವಿನಲ್ಲಿ ನಿಂತು ಶ್ರೀಮಂತರ ಮಕ್ಕಳ ಬಿದ್ದ ಕಾರು ಎತ್ತಿ ಸೀಳಿಗೆ ಕೂರಿಸುತ್ತಿದ್ದೆ. ಮೂರು ವರ್ಷ ಎತ್ತಿಟ್ಟೆ. ಒಂದು ದಿನವೂ ಘೋಡಾ ಮುಟ್ಟಲು ಬಿಡಲಿಲ್ಲ, ಹಾಳಾದವರು. ಅಪ್ಪನಿಗೂ ಬಿಡಲಿಲ್ಲ.

ಎಪ್ಪತ್ತೈದರಲ್ಲಿ ಮಳೆ ಚೆನ್ನಾಗಿದೆಯೆಂದು ತಿಳಿದು ಊರಿಗೆ ಬಂದೆವು. ಅಪ್ಪ ಮೊದಲು ಮಾಡಿಕೊಟ್ಟದ್ದು ಹಣಮಂತಪ್ಪನವರ ಕೂರಿಗೆ. ಕುರಿ ಸಾಕಿಕೊಂಡು ಒಣ ಬೇಸಾಯ ಮಾಡುವ ಹಿರಿಯರು ಅವರು, ಮಾತು ಕಡಿಮೆ. ಅಪ್ಪ ಈಗ ಮುಂಬೈ ಮಿಸ್ತ್ರಿಯಲ್ಲವೇ, ಜಂತಿಯ ಕೋಲು ಜಂತಿಯಲ್ಲೇ ಇರಲೆಂದು ಉಕ್ಕಿನ ಟೇಪು ಹಿಡಿದು ಇಂಚಿನ ಲೆಕ್ಕದಲ್ಲಿ ಮಾಡಿದ. ಎಲ್ಲಿ ಎಡವಿದನೋ ಏನೋ, ಒಂದು ತಾಳು ಒಳಗೆ ಸರಿದಿತ್ತು. ಎಡೆ ಹೊಡೆದ ದಿನ ಹಣಮಂತಪ್ಪನವರ ಹೊಲದಲ್ಲಿ ಮೊಳಕಾಲೆತ್ತರದ ಜೋಳ ಸಾಲುಸಾಲೇ ಮಲಗಿತು. ಅವರು ಬೈಯಲಿಲ್ಲ. ಕೂರಿಗೆ ತಂದು ನಮ್ಮ ಗೋಡೆಗೆ ಆನಿಸಿ, ಅವ್ವ ಕೊಟ್ಟ ಚಹಾ ಕುಡಿಯದೆ ಹೊರಟುಹೋದರು. ಬೈದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದ. ಆ ಚಹಾ ಆರುತ್ತ ಕೂತದ್ದೇ ಅವನನ್ನು ತಿಂದುಹಾಕಿತು.

"ನನ್ನ ಕೈ ಮುಂಬೈದಾಗೇ ಉಳದದ ಶಾಲೂ. ಬರೇ ಮೈ ಬಂದದ" ಎಂದ ಅಪ್ಪ.

ಸುಗ್ಗಿಯಲ್ಲಿ ಬಡಿಗನಿಗೆ ವರ್ಷದ ಕೆಲಸದ ಕೂಲಿಯಾಗಿ ಪ್ರತಿ ಕಣದಲ್ಲೂ ಜೋಳದ ಆಯ ಸಲ್ಲುತ್ತದೆ. ಆ ವರ್ಷ ಅಪ್ಪ ಯಾರ ಕಣಕ್ಕೂ ಹೋಗಲಿಲ್ಲ. ಅವ್ವ ಹೋಗುತ್ತೇನೆಂದರೆ ಅವಳನ್ನೂ ಬಿಡಲಿಲ್ಲ. ಕೂರಿಗೆ ಕೇಳಿ ಬಂದವರಿಗೆ ಬೇರೆ ಊರಿನ ಬಡಿಗನ ಹೆಸರು ಹೇಳಿದ. ಆಮೇಲೆ ನನ್ನನ್ನು ಅಡುಗೆಗೆಂದು ಕರೆದುಕೊಂಡು ಬೀದರಿಗೆ ಬಂದುಬಿಟ್ಟ. ಇನ್ನು ಬದುಕಿನಲ್ಲಿ ಕೂರಿಗೆ ಮಾಡುವುದಿಲ್ಲ ಎಂದ. ಊರ ಬಡಿಗ ಹಾಗೆಂದರೆ ಉಸಿರಾಡುವುದಿಲ್ಲ ಎಂದಂತೆ. ನನಗೆ ಹೆದರಿಕೆಯಾಯಿತು.

ಬೀದರಿನಲ್ಲಿ ಜಹೀರೋದ್ದೀನ ಸಾಹೇಬರು ಮದುವೆಗೆ ಪೆಂಡಾಲು, ಮಂಟಪ ಕೊಡುವ ವ್ಯಾಪಾರ ಮಾಡುತ್ತಿದ್ದರು, ಅಪ್ಪ ಅವರಲ್ಲಿ ಕೆಲಸಕ್ಕೆ ಸೇರಿದ. ಬಸ್ ನಿಲ್ದಾಣದ ಹತ್ತಿರ ಅವರದೊಂದು ಹಳೆಯ ಹಾಲು, ದಪ್ಪ ಗೋಡೆ, ಎತ್ತರದ ಕಿಟಕಿ. ನಾವಿದ್ದ ಮುಂಬೈ ಹಾಲು ಬಾಗಿಲು ಹಾಕಿದಾಗ ಅಲ್ಲಿಯ ಆರು ಕಾರು, ಹಿಡಿಕೆ, ಟ್ರಾನ್ಸ್‌ಫಾರ್ಮರುಗಳನ್ನು ಒಂದು ಟ್ರಂಕಿನಲ್ಲಿ ಇವರೇ ತರಿಸಿಕೊಂಡಿದ್ದರು. ಶೋಕಿ ಮನುಷ್ಯ. "ಹಾದಿ ನೀ ಕಟ್ಟು ಉಸ್ತಾದ್, ಬರಾಬರ್ ಮುಂಬೈದಂಗ" ಎಂದರು ಅಪ್ಪನಿಗೆ.

ಅಪ್ಪ ನಕ್ಷೆ ಬರೆಯಲಿಲ್ಲ. ಟೇಪು ಕಂಡರೆ ಅವನಿಗೀಗ ಮೈಯುರಿ, ಅದನ್ನೂ ಮುಟ್ಟಲಿಲ್ಲ. ಕಣ್ಣಳತೆಯಲ್ಲೇ ಕೊರೆದ. ಎರಡು ತಿಂಗಳು ಬಗ್ಗಿಕೊಂಡು ಒಂದೊಂದೇ ಸೀಳು ಎಳೆಯುತ್ತಿದ್ದ, ಹೆಜ್ಜೆ ಹಿಂದಿಡುತ್ತಿದ್ದ, ಮತ್ತೆ ಎಳೆಯುತ್ತಿದ್ದ. ನಿದ್ದೆಯಲ್ಲಿ ನಡೆಯುವವನ ಹಾಗಿದ್ದ. ಒಂದೊಂದು ತುಂಡಾಗಿ ಮಾಡಿಟ್ಟದ್ದನ್ನೆಲ್ಲ ಜೋಡಿಸಿದ ದಿನ ಒಂಬತ್ತು ಅಡಿ ಅಗಲದ ಹಾದಿ ಹಾಲನ್ನೇ ನುಂಗಿ ಕೂತಿತು. ಜನ ಗೋಡೆಗೆ ಬೆನ್ನು ಉಜ್ಜಿಕೊಂಡು ಓಡಾಡಬೇಕು, ಹಾಗಾಗಿತ್ತು.

"ಯಾ ಅಲ್ಲಾ! ಏನ್ ಮಾಡಿದಿಯೋ ವೈಜಿನಾಥ!" ಜಹೀರೋದ್ದೀನ ಸಾಹೇಬರು ತಲೆ ಮೇಲೆ ಕೈಯಿಟ್ಟುಕೊಂಡರು. "ನಡುವಿನ ಕಾರು ಬಿದ್ರ ಯಾರ ಕೈ ಮುಟ್ತದ ಅಲ್ಲಿ? ನಿಮ್ಮಪ್ಪಂದಾ?"

ಅಪ್ಪ ಹಾದಿಯನ್ನು ನೋಡಿದ, ತನ್ನ ಕೈ ನೋಡಿಕೊಂಡ. "ತಪ್ಪಾತ್ರಿ ಸಾಹೇಬ್ರ. ಇದೂ ಹೋತು" ಎಂದಷ್ಟೇ ಹೇಳಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಸಾಹೇಬರ ಸಿಟ್ಟು ಬೇಗ ಇಳಿಯುವಂಥದು. ಬೇಸಿಗೆ ಮುಗಿಯುವ ತನಕ ನಡೆಯಲಿ, ಆಮೇಲೆ ಬಿಚ್ಚಿ ಮದುವೆಯ ಮಂಟಪಕ್ಕೆ ಹಲಗೆ ಮಾಡೋಣ ಎಂದರು.

ಆ ಬೇಸಿಗೆ! ಏನು ಹೇಳಲಿ ಆ ಬೇಸಿಗೆಯ ಬಗ್ಗೆ. ಈಗಲೂ ಮಧ್ಯಾಹ್ನ ಕಣ್ಣು ಮುಚ್ಚಿದರೆ ನಾನು ಆ ಹಾಲಿನಲ್ಲೇ ಇರುತ್ತೇನೆ. ಹೊರಗೆ ಕೆಂಪು ನೆಲ ಕಾದು ಬಸ್ಸುಗಳೆಲ್ಲ ನೀರಿನಲ್ಲಿ ನಿಂತಂತೆ ಕಾಣುವ ಹೊತ್ತು. ಒಳಗೆ ತಂಪು, ನಸುಗತ್ತಲು, ಮೇಲಿನ ಕಿಟಕಿಯಿಂದ ಹಾದಿಗೆ ಅಡ್ಡ ಬಿದ್ದ ಬಿಸಿಲಿನ ಪಟ್ಟಿಗಳು. ಕಾರುಗಳು ಬಿಸಿಲಿಗೆ ಬಂದಾಗ ಹೊಳೆದು ನೆರಳಿಗೆ ಹೋದಾಗ ಆರಿಹೋಗುತ್ತಿದ್ದವು. ಕಾದ ಎಣ್ಣೆಯ ವಾಸನೆ, ತಾಮ್ರದ ವಾಸನೆ, ಜೇನ್ನೊಣದಂಥ ಗುಂಯ್ ಸದ್ದು. ಬೀದರಿನ ಕರೆಂಟು ಆಗಾಗ ಇಳಿಯುತ್ತಿತ್ತು. ಆಗ ಆರೂ ಕಾರು ಒಟ್ಟಿಗೆ ಮೆತ್ತಗಾಗಿ, ದಣಿದ ಎತ್ತಿನ ಹಾಗೆ ತಿರುವು ಏರುತ್ತಿದ್ದವು. ಕರೆಂಟು ಏರಿದರೆ ಎಲ್ಲವೂ ಒಟ್ಟಿಗೆ ಹಾರುತ್ತಿದ್ದವು.

ಅಗಲದ ಸುಖ ಗೊತ್ತಾದದ್ದೂ ಆಗಲೇ. ಮುಂಬೈಯಲ್ಲಿ ಒಂದು ಕಾರಿನ ಬಾಲ ತಿರುವಿನಲ್ಲಿ ಜಾರಿದರೆ ಪಕ್ಕದ ಕಾರಿಗೆ ಬಡಿದು ಎರಡೂ ಬೀಳುತ್ತಿದ್ದವು, ಜಗಳವಾಗುತ್ತಿತ್ತು. ಇಲ್ಲಿ ಯಾರಿಗೂ ಯಾರ ಗೊಡವೆ ಇಲ್ಲ. ಬಾಲ ಎಷ್ಟು ಬೇಕಾದರೂ ಹೊರಳಿಸು, ತೇಲಿಸು. ನನಗೀಗ ಹಿಡಿಕೆ ಸಿಕ್ಕಿತ್ತಲ್ಲ! ನಾಲ್ಕನೇ ಸೀಳು ನನ್ನದು, ಹಳದಿ ಕಾರು. ಹದಿನಾರರ ಹುಡುಗಿ ನಾನು, ಆ ಘೋಡಾ ಬೆರಳಿಗೆ ತಾಗಿದರೆ ಊಟ ನೆನಪಾಗುತ್ತಿರಲಿಲ್ಲ. ನಡುವಿನ ಕಾರು ಬಿದ್ದರೆ ಜೋಳದ ದಂಟಿನ ತುದಿಗೆ ತಂತಿಯ ಕೊಕ್ಕೆ ಕಟ್ಟಿ ಎತ್ತುತ್ತಿದ್ದೆವು.

ಬರ ಮುಗಿದಿದ್ದರೂ ಗುಳೆ ನಿಂತಿರಲಿಲ್ಲ. ಹೈದರಾಬಾದಿಗೆ, ಮುಂಬೈಗೆ ಹೊರಟ ಜನ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಗಂಟು ಗೋಡೆಗಿಟ್ಟು ಒಂದಾಟ ಆಡುತ್ತಿದ್ದರು. ಹೆಂಗಸರು ಕೂಸು ಕಂಕುಳಲ್ಲಿಟ್ಟುಕೊಂಡೇ ಘೋಡಾ ಒತ್ತುತ್ತಿದ್ದರು. ಬಸ್ಸು ಹಾರ್ನು ಹೊಡೆದರೆ ಹಿಡಿಕೆ ಬಿಟ್ಟು ಓಡುವರು, ಅವರ ಕಾರು ಇದ್ದಲ್ಲೇ ನಿಂತಿರುವುದು. ಅದನ್ನೆತ್ತಿ ಶುರುವಿನ ಜಾಗಕ್ಕೆ ಇಡುವಾಗ ನನ್ನ ಕಣ್ಣು ತುಂಬುತ್ತಿತ್ತು. ಇಷ್ಟೆಲ್ಲ ನಡೆದರೂ ಅಪ್ಪ ಮಾತ್ರ ಒಳಗೆ ಬರುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಮದುವೆಯ ಕುರ್ಚಿ ರಿಪೇರಿ ಮಾಡುತ್ತಿದ್ದ.

ಮೇ ಕೊನೆಯಲ್ಲಿ ಒಂದು ದಿನ ಹಣಮಂತಪ್ಪನವರು ಬಂದರು. ದವಾಖಾನೆಗೆ ಬಂದವರು, ಹೆಗಲ ಮೇಲೆ ಕಂಬಳಿ. ಅಪ್ಪ ಅವರನ್ನು ಕಂಡವನೇ ತಲೆ ತಗ್ಗಿಸಿದ. ಅವರು ಸೀದಾ ಒಳಗೆ ಬಂದು ಹಾದಿಯ ಅಂಚಿಗೆ ನಿಂತರು. ಆಮೇಲೆ ಅಡ್ಡ ಬಗ್ಗಿ, ಮೊದಲ ಸೀಳಿನ ಮೇಲೆ ಮೊಳಕೈ ಊರಿ ತೋಳು ಚಾಚಿದರು. ನಡುಬೆರಳ ತುದಿ ಎರಡನೇ ಸೀಳಿಗೆ ಸರಿಯಾಗಿ ಇಳಿಯಿತು.

"ಯಾರು ಕೊರದಾರ ಇದು?"

"ನಮ್ಮಪ್ಪ ರೀ."

"ಇದು ಜ್ವಾಳದ ಸಾಲು ಅದ!" ಎಂದವರೇ, ಧೋತರದ ಗಂಟು ಬಿಚ್ಚಿ ಅದರಲ್ಲಿದ್ದ ನಾಲ್ಕು ಜೋಳದ ಕಾಳನ್ನು ಸೀಳಿಗೆ ಉದುರಿಸಿಬಿಟ್ಟರು. "ಅರೇ ಅರೇ, ನಮ್ಮ ಮೋಟಾರ್ ಸುಟ್ಟು ಹೋಗ್ತಾವ್ರೀ ಕಾಕಾ!" ಎಂದು ಜಹೀರೋದ್ದೀನ ಸಾಹೇಬರು ಓಡಿ ಬಂದರು. ಹಣಮಂತಪ್ಪನವರು ಅವರತ್ತ ತಿರುಗಿಯೂ ನೋಡಲಿಲ್ಲ. ಹೊರಗೆ ಬಂದು ಅಪ್ಪನೆದುರು ನಿಂತರು.

"ವೈಜ್ಯಾ, ನಿನ್ನ ಕೈ ಎಲ್ಲೂ ಹೋಗಿಲ್ಲೋ. ಇಲ್ಲೇ ಅದ. ನಂಗೊಂದು ಕೂರಿಗಿ ಮಾಡಿಕೊಡು, ಮಳಿ ಹತ್ರ ಬಂತು."

"ಸುಮ್ನ ಸಮಾಧಾನ ಹೇಳಬ್ಯಾಡ್ರಿ. ಇದು ತಪ್ಪಿ ಆಗಿದ್ದು."

ಅವರು ವಾದ ಮಾಡಲಿಲ್ಲ. ಮೂರನೇ ದಿನಕ್ಕೆ ಮತ್ತೆ ಬಂದರು, ಈ ಸಲ ಅವ್ವನ ಜೊತೆ. ಅವ್ವನ ಕೈಯಲ್ಲಿ ಸೀರೆಯ ತುಂಡಿನಲ್ಲಿ ಸುತ್ತಿದ ಜಾಲಿಯ ಕೋಲು. ಅಪ್ಪ ಮುಟ್ಟಲು ಒಪ್ಪಲಿಲ್ಲ. "ನೀ ಮುಟ್ಟಬ್ಯಾಡ ಹೋಗು, ನಾ ಇಡ್ತೇನಿ!" ಎಂದು ನಾನೇ ಕಸಿದುಕೊಂಡು ಹಾದಿಗೆ ಅಡ್ಡ ಇಟ್ಟೆ. ಕೋಲಿನ ತುದಿ ಒಂದು ಸೀಳಿಗೆ, ಜೋಳದ ಕಚ್ಚು ಮುಂದಿನ ಸೀಳಿಗೆ. ಸರಿಸಿದೆ. ಮತ್ತೆ ಸರಿ. ಐದು ಅಂತರ, ಐದೂ ಸರಿ. ತಿರುವಿನಲ್ಲಿಟ್ಟೆ, ಅಲ್ಲಿಯೂ ಕೂದಲೆಳೆ ತಪ್ಪಿರಲಿಲ್ಲ. ಟೇಪಿಲ್ಲ, ಕೋಲಿಲ್ಲ, ಮೂರು ವರ್ಷ ಮುಂಬೈಯ ಅಳತೆ ಕಣ್ಣಮುಂದೆ ಇದ್ದರೂ ಅವನ ಕೈ ಒಂದೇ ಒಂದು ಅಳತೆ ಎಳೆದಿತ್ತು.

ಅಪ್ಪ ನಿಂತಲ್ಲೇ ಅತ್ತುಬಿಟ್ಟ. ನಾಚಿಕೆಯಿಲ್ಲದೆ, ಬಾಯಿ ತೆರೆದು ಅತ್ತ. ಅವ್ವ ಸೆರಗಿನಿಂದ ಅವನ ಮುಖ ಒರೆಸಿ, "ಸಾಕು ಬಿಡ್ರಿ, ಮಂದಿ ನೋಡ್ಲಾಕತ್ತಾರ" ಎಂದು ತಾನೂ ಅತ್ತಳು. ಹಣಮಂತಪ್ಪನವರು ಚಹಾ ಕೇಳಿದರು. ತರಿಸಿದ್ದನ್ನು ಅಪ್ಪನ ಎದುರಿಗೇ ಕೂತು, ಕಪ್ಪಿನಿಂದ ಬಸಿಗೆ ಸುರಿದುಕೊಂಡು ಪೂರಾ ಕುಡಿದರು.

ಆಮೇಲೆ ಅಪ್ಪ ಹೇಳಿದ: "ಸಾಹೇಬ್ರ, ಇದು ನಿಮ್ಮ ಕಾರಿಗಿ ತಪ್ಪು, ಖರೇ ಅದ. ಹಲಗಿ ಬಿಚ್ಚ್ರಿ. ನಾ ಊರಿಗಿ ಹೋಗ್ತೇನಿ."

ಕೋಲಿಟ್ಟು ತೋರಿಸಿದವಳು ನಾನು, ಹಾದಿ ಕಳೆದುಕೊಂಡವಳೂ ನಾನೇ. "ಒಂದಾಟ ಆಡಿ ಹೋಗು. ನನ್ನ ಸಂಗಟ" ಎಂದೆ ಸಿಟ್ಟಿನಲ್ಲಿ. ಅವನು ಐದನೇ ಸೀಳಿನ ಹಿಡಿಕೆ ಹಿಡಿದ, ಬದುಕಿನಲ್ಲಿ ಮೊದಲ ಸಲ.

ಅಪ್ಪನಿಗೆ ಓಡಿಸಲು ಬರಲಿಲ್ಲ. ಅವನ ಕಾರು ಎತ್ತಿನ ನಡಿಗೆಯಲ್ಲಿ ಹೊರಟಿತು, ಒಂದೇ ಸಮ, ತಿರುವಿಗೂ ಅದೇ, ನೇರಕ್ಕೂ ಅದೇ. ನಾನು ಒಂದು ಸುತ್ತು ಅವನನ್ನು ದಾಟಿ ಹೋದೆ. ಎರಡನೇ ಸುತ್ತಿಗೆ ಅವನ ಪಕ್ಕ ಬಂದಾಗ ಬೆರಳು ತಾನಾಗಿ ಸಡಿಲವಾಯಿತು. ನಡುವೆ ಒಂದು ಮೊಳ ಬಿಟ್ಟುಕೊಂಡು ಎರಡೂ ಕಾರು ಜೋಡಿಯಾಗಿ ಬಿಸಿಲಿನ ಪಟ್ಟಿಗಳನ್ನು ದಾಟಿದವು, ನೆರಳಿಗೆ ಹೋದವು, ಮತ್ತೆ ಬಿಸಿಲಿಗೆ ಬಂದವು. ಎಷ್ಟು ಸುತ್ತು ಹೋದೆವೋ ನೆನಪಿಲ್ಲ. ಯಾರೂ ಗೆಲ್ಲಲಿಲ್ಲ. ನಿಲ್ಲಿಸಿ ಎಂದು ಜಹೀರೋದ್ದೀನ ಸಾಹೇಬರೂ ಹೇಳಲಿಲ್ಲ.

ಅವತ್ತೇ ಸಂಜೆಯ ಭಾಲ್ಕಿ ಬಸ್ಸಿನಲ್ಲಿ ಕೋಲು ಅಡ್ಡವಾಗುತ್ತದೆ, ಮೇಲಿಡಿ ಎಂದು ಕಂಡಕ್ಟರ್ ಮೂರು ಸಲ ಗದರಿದ. ಅಪ್ಪ ಕೊಡಲಿಲ್ಲ. ಖಟಕ ಚಿಂಚೋಳಿ ಬರುವ ತನಕ ಅದನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.